ಸಕಲೇಶಪುರದ ಮಳೆಯಲ್ಲಿ ಏಳು ವರ್ಷ ನಿಂತ ಡಬ್ಲ್ಯೂಪಿಸಿ ಡೆಕ್

ಕಳೆದ ತಿಂಗಳು ಸಕಲೇಶಪುರದ ಹತ್ತಿರ ಒಂದು ಹೋಮ್‌ಸ್ಟೇಗೆ ಹೋಗಿ, 2019ರಲ್ಲಿ ನಾನೇ ಹಾಕಿದ ಡಬ್ಲ್ಯೂಪಿಸಿ ಡೆಕ್‌ನ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ ಹಾಸಿದ ಹೊರಾಂಗಣ ಜಗಲಿ) ಮೂರು ಹಲಗೆ ಬಿಚ್ಚಿ ನೋಡಿದೆ. ಏಳು ಮಳೆಗಾಲ ಕಂಡ ಹಲಗೆಗಳು. ಉಬ್ಬಿಲ್ಲ, ಸೊಟ್ಟಗಾಗಿಲ್ಲ, ಅಡಿಭಾಗಕ್ಕೆ ಬೂಷ್ಟು ಹಿಡಿದಿಲ್ಲ. ಸೂರಿನಿಂದಾಚೆ ಸ್ವಲ್ಪ ಬಣ್ಣ ಬಿಟ್ಟಿದೆ, ಅಷ್ಟೆ. "ಈ ಮಳೆಗೆ ಪ್ಲಾಸ್ಟಿಕ್ ಮರ ನಿಲ್ಲಲ್ಲ ಮಾರಾಯ, ಸಾಗುವಾನಿ ಹಾಕು" ಅಂತ ಆಗ ಹೇಳಿದ್ದ ನಮ್ಮ ಹಿರಿಯ ಆಚಾರಿಯನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರು ಉಗುರಲ್ಲಿ ಕೆರೆದು ನೋಡಿ ಸುಮ್ಮನಾದರು.

ಅವರ ಅನುಮಾನಕ್ಕೆ ಕಾರಣ ಇತ್ತು. ಈ ಹಲಗೆಯಲ್ಲಿ ನಾನು ಮಾಡಿದ ಮೊದಲ ಎರಡು ಕೆಲಸ ಹಾಳಾಗಿದ್ದನ್ನು ಅವರು ಕಂಡಿದ್ದರು.

2016ರದ್ದು 300 ಚದರಡಿ. ಟೊಳ್ಳು ಹಲಗೆ, ಚದರಡಿಗೆ 280 ರೂಪಾಯಿ ಆಸುಪಾಸು. ಮರ ಜೋಡಿಸಿದ ಹಾಗೆಯೇ ತುದಿಗೆ ತುದಿ ಒತ್ತಿ ಸ್ಕ್ರೂ ಹೊಡೆದೆ. ಮಾರ್ಚ್ ಬಿಸಿಲಿಗೇ ನಡುವೆ ಎದ್ದು ನಿಂತವು. ಮರ ನೀರು ಕುಡಿದು ಅಗಲಕ್ಕೆ ಹಿಗ್ಗುತ್ತದೆ, ಇದು ಬಿಸಿಲಿಗೆ ಉದ್ದಕ್ಕೆ ಹಿಗ್ಗುತ್ತದೆ. 10 ಅಡಿ ಹಲಗೆ ಚಳಿಯ ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ ಒಂದು ನೂಲಿನಷ್ಟು (ಇಂಚಿನ ಎಂಟನೇ ಒಂದು ಭಾಗ) ಬೆಳೆದಿದ್ದನ್ನು ಆಮೇಲೆ ಟೇಪ್ ಹಿಡಿದು ನೋಡಿದೆ. ಮಳೆ ಶುರುವಾದ ಮೇಲೆ ಟೊಳ್ಳಿನೊಳಗೆ ನೀರು ನಿಂತು ತುದಿಗಳು ಸೀಳಿದವು. ಮಾಲೀಕರು 40 ಸಾವಿರ ಹಿಡಿದಿಟ್ಟರು. ಬಿಚ್ಚಿ ಮತ್ತೆ ಹಾಕಲು ಕೈಯಿಂದ 90 ಸಾವಿರದ ಹತ್ತಿರ ಹೋಯಿತು. ಹೆಂಡತಿಯ ಬಳೆ ಅಡವಿಟ್ಟೆ.

ಎರಡನೆಯದರಲ್ಲಿ ಸಂದು ಸರಿಯಾಗಿಯೇ ಬಿಟ್ಟಿದ್ದೆ. ಆದರೆ ತಾರಸಿ ಮೇಲೆ ಒಂದಿಂಚಿನ ಪೈಪ್ ಇಟ್ಟು ಹಲಗೆ ಕೂರಿಸಿದೆ. ಸಿಲ್ವರ್ ಓಕ್ ಮರದ ಎಲೆ ಅಡಿಯಲ್ಲಿ ಕೊಳೆತು, ನೀರು ಹೋಗದೆ, ಎರಡು ವರ್ಷಕ್ಕೆ ಕಪ್ಪು ಬೂಷ್ಟು. ಈ ಹಲಗೆಯಲ್ಲಿ ಅರ್ಧದಷ್ಟು ಮರದ ಪುಡಿಯೇ ಅಲ್ವಾ? ಒದ್ದೆ ಆರದಿದ್ದರೆ ಬೂಷ್ಟು ತಿಂದೇ ತಿನ್ನುತ್ತದೆ.

ಆಮೇಲೆ ಆರು ತಿಂಗಳು ದೊಡ್ಡ ಕೆಲಸ ಹಿಡಿಯಲಿಲ್ಲ. ನಾಲ್ಕೈದು ಬಗೆಯ ತುಂಡು ತಂದು ಬಕೆಟ್ ನೀರಲ್ಲಿ ಮುಳುಗಿಸಿಟ್ಟೆ. ಮೂರು ತಿಂಗಳಾದ ಮೇಲೆ ದಿನಸಿ ಅಂಗಡಿ ತಕ್ಕಡಿಯಲ್ಲಿ ತೂಗಿದರೆ, ಮೇಲೆ ಪ್ಲಾಸ್ಟಿಕ್ ಹೊರಪದರ ಇಲ್ಲದ ತುಂಡು ನೂರಕ್ಕೆ 12ರಷ್ಟು ಭಾರವಾಗಿತ್ತು. ನಾಲ್ಕೂ ಕಡೆ ಪದರ ಇದ್ದು, ಕೊಯ್ದ ತುದಿ ಮುಚ್ಚಿದ್ದು ಎರಡೋ ಮೂರೋ. ಅದೇ ಪದರದ ಹಲಗೆ, ತುದಿ ಮುಚ್ಚದೆ ಇಟ್ಟದ್ದು ಏಳು ಮುಟ್ಟಿತ್ತು. ನೀರು ಎಲ್ಲಿಂದ ನುಗ್ಗುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಆಗಲೇ. ಈಗಲೂ ಹೊಸ ಮಾಲು ಬಂದರೆ ಒಂದು ತುಂಡು ಎರಡು ಗಂಟೆ ಕುದಿಸುತ್ತೇನೆ. ಕಳಪೆ ಮಾಲಾದರೆ ಅಂಚು ಬಾಯಿ ಬಿಡುತ್ತದೆ.

ಬಣ್ಣದ್ದೂ ಮಾಡಿ ನೋಡಿದೆ. ತಿಳಿ ಕಂದು ಒಂದೇ ಬೇಸಿಗೆಗೆ ಬೆಳ್ಳಗಾಯಿತು, ಆಮೇಲೆ ಅಷ್ಟಾಗಿ ಬದಲಾಗಲಿಲ್ಲ. ಕಡುಬೂದು ಚೆನ್ನಾಗಿ ನಿಂತಿತು, ಆದರೆ ಮಧ್ಯಾಹ್ನ ಬರಿಗಾಲಲ್ಲಿ ಕಾಲಿಡಲು ಆಗುವುದಿಲ್ಲ. ಮಲ್ಪೆಯಲ್ಲಿ ಗೆಳೆಯನ ಅಂಗಳದಲ್ಲೂ ಎರಡು ಹಲಗೆ ಹಾಕಿದ್ದೆ. ಉಪ್ಪುಗಾಳಿಗೆ ಹಲಗೆಗೆ ಏನೂ ಆಗಲಿಲ್ಲ. ಸಾದಾ ಸ್ಕ್ರೂ ಮಾತ್ರ ತುಕ್ಕು ತಿಂದು ಪುಡಿಯಾಯಿತು.

2019ರಲ್ಲಿ ಈ ಹೋಮ್‌ಸ್ಟೇಗೆ ಪದರದ ಗಟ್ಟಿ ಹಲಗೆಯನ್ನೇ ತಂದೆ, ಚದರಡಿಗೆ 420 ಬಿತ್ತು. ಅಡಿಗೊಂದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಕೆಳಗೆ ನಾಲ್ಕಿಂಚು ಗಾಳಿ, 10 ಅಡಿಗೆ ಒಂದಿಂಚು ಇಳಿಜಾರು. ತುದಿಗೆ ಎರಡು ನೂಲು ಸಂದು. ಸ್ಟೇನ್‌ಲೆಸ್ ಕ್ಲಿಪ್. ಪ್ರತಿ ಹಲಗೆಗೂ ನಡುವೆ ಒಂದೇ ಕಡೆ ಬಿಗಿ, ಎರಡೂ ತುದಿ ಜಾರಲು ಬಿಟ್ಟೆ. ಕೊಯ್ದ ತುದಿಗೆಲ್ಲ ಎರಡು ಕೋಟ್ ಎಪಾಕ್ಸಿ. ಅದರಲ್ಲಿ ಏನು ಬೆರೆಸುತ್ತೇನೆ, ಎರಡು ಕೋಟ್ ನಡುವೆ ಎಷ್ಟು ಹೊತ್ತು ಬಿಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಹೋಮ್‌ಸ್ಟೇಯವರು ಸೋಪುನೀರು ಹಾಕಿ ಬ್ರಷ್‌ನಲ್ಲಿ ಪಾಚಿ ಉಜ್ಜುತ್ತಾರೆ. ಸಂದಿನ ಎಲೆ ತೆಗೆಯುತ್ತಾರೆ. ಬೇರೆ ಖರ್ಚು ಬಂದಿಲ್ಲ. ಮುಂದಿನ ತಿಂಗಳು ಅದೇ ಹೋಮ್‌ಸ್ಟೇ ತೋಟದಲ್ಲಿ ಕೆರೆಯ ಪಕ್ಕ ಇನ್ನೊಂದು 400 ಚದರಡಿ ಶುರು. ಫ್ರೇಮ್ ಕೆಲಸಕ್ಕೆ ಆಚಾರಿಯೂ ಬರುತ್ತಿದ್ದಾರೆ.