ಹಾಡು ಒಂದು ಮೈಕ್‌ಗೆ, ಹಾರ್ಮೋನಿಯಂ ಇನ್ನೊಂದಕ್ಕೆ

ಹಾರ್ಮೋನಿಯಂ ನುಡಿಸಿಕೊಂಡು ಭಾವಗೀತೆ ಹಾಡುವವರು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡರೆ ಬಹಳ ಸಲ ಹಾರ್ಮೋನಿಯಂ ಮುಂದಾಗಿ, ಸಾಹಿತ್ಯ ಹಿಂದೆ ಬೀಳುತ್ತದೆ. ಒಂದೇ ಮೈಕ್‌ನಲ್ಲಿ ಬೆರೆತುಹೋದ ದನಿಗಳನ್ನು ಆಮೇಲೆ ಬಿಡಿಸುವುದು ಕಷ್ಟ. ಎರಡು ಮೈಕ್, ಮೈಕ್‌ನ ದನಿಯನ್ನು ಕಂಪ್ಯೂಟರ್‌ಗೆ ದಾಟಿಸುವ ಒಂದು ಪುಟ್ಟ ಆಡಿಯೊ ಇಂಟರ್‌ಫೇಸ್, ಮನೆಯಲ್ಲಿರುವ ಲ್ಯಾಪ್‌ಟಾಪ್ ಇಷ್ಟಿದ್ದರೆ ಕೊರಳಿಗೂ ವಾದ್ಯಕ್ಕೂ ಬೇರೆ ಬೇರೆ ಟ್ರ್ಯಾಕ್ ಸಿಗುತ್ತದೆ. ಆದರೆ ಮೈಕ್ ಎರಡಾದ ಮಾತ್ರಕ್ಕೆ ದನಿಗಳು ಬೇರೆಯಾಗುವುದಿಲ್ಲ. ಮೈಕ್ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎನ್ನುವುದರ ಮೇಲೆಯೇ ಎಲ್ಲವೂ ನಿಂತಿದೆ. ಸಾಫ್ಟ್‌ವೇರ್‌ನ ಪಾತ್ರ ತೀರ ಚಿಕ್ಕದು.

ಕೊಳ್ಳುವ ಮುನ್ನ

ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ತರಹದ, ಎರಡು ಮೈಕ್ ಪ್ರಿಆ್ಯಂಪ್ (ಮೈಕ್‌ನ ಕ್ಷೀಣ ದನಿಯನ್ನು ಏರಿಸುವ ಭಾಗ) ಇರುವ ಇಂಟರ್‌ಫೇಸ್ ಸಾಕು. ‘ಎರಡು ಇನ್‌ಪುಟ್’ ಎಂದು ಬರೆದಿದ್ದನ್ನಷ್ಟೇ ನೋಡಿ ಕೊಳ್ಳಬೇಡಿ. ಕೆಲವು ಅಗ್ಗದ ಮಾದರಿಗಳಲ್ಲಿ ಒಂದು ಮಾತ್ರ ಮೈಕ್‌ಗೆ, ಇನ್ನೊಂದು ಗಿಟಾರ್‌ಗೆ. ಮೂರು ಪಿನ್‌ನ ಎಕ್ಸ್‌ಎಲ್‌ಆರ್ ಕೇಬಲ್ ಹಿಡಿಸುವ ತೂತು ಎರಡಿವೆಯೇ ಎಂದು ಎಣಿಸಿ. ಎರಡು ಯುಎಸ್‌ಬಿ ಮೈಕ್ ತಂದರೆ ಆಗದೇ ಎಂದು ಹಲವರು ಕೇಳುತ್ತಾರೆ. ಒಂದೊಂದು ಯುಎಸ್‌ಬಿ ಮೈಕ್‌ಗೂ ರೆಕಾರ್ಡಿಂಗ್‌ನ ವೇಗ ಕಾಯುವ ತನ್ನದೇ ಒಳಗಿನ ಗಡಿಯಾರವಿರುವುದರಿಂದ ಹಾಡು ಉದ್ದವಾದಷ್ಟೂ ಎರಡೂ ಟ್ರ್ಯಾಕ್ ಹೊಂದಿಕೆ ತಪ್ಪುತ್ತವೆ. ಇಂಟರ್‌ಫೇಸ್‌ನಲ್ಲಿ ಎರಡಕ್ಕೂ ಒಂದೇ ಗಡಿಯಾರ.

ಹಾಡಿಗೆ ಶ್ಯೂರ್ ಎಸ್‌ಎಂ58 ತರಹದ ಡೈನಮಿಕ್ ಮೈಕ್ ಇರಲಿ. ಕಂಡೆನ್ಸರ್ ಮೈಕ್ ಸೂಕ್ಷ್ಮ ನಿಜ, ಆದರೆ ಅದು ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಅಷ್ಟೇ ಸೂಕ್ಷ್ಮವಾಗಿ ಹಿಡಿಯುತ್ತದೆ. ನಮ್ಮ ಮನೆಗಳಿಗೆ ಡೈನಮಿಕ್ಕೇ ವಾಸಿ ಎಂಬುದು ನನ್ನ ಅಭಿಪ್ರಾಯ. ಹಾರ್ಮೋನಿಯಂಗೆ ಕಂಡೆನ್ಸರ್ ಬಳಸುವುದಾದರೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಕೇಬಲ್ ಮೂಲಕವೇ ಮೈಕ್‌ಗೆ ಹೋಗುವ ವಿದ್ಯುತ್ತು ಬೇಕು. ಮೊದಲು ಕೇಬಲ್ ಸಿಕ್ಕಿಸಿ, ಗೇನ್ (ಮೈಕ್‌ನ ದನಿಯನ್ನು ಎಷ್ಟು ಏರಿಸಬೇಕೆಂದು ಹೇಳುವ ಗುಂಡಿ) ಪೂರ್ತಿ ಇಳಿಸಿ, ಆಮೇಲೆ 48 ವೋಲ್ಟ್ ಬಟನ್ ಒತ್ತಿ. ಹಲವು ಪುಟ್ಟ ಇಂಟರ್‌ಫೇಸ್‌ಗಳಲ್ಲಿ ಈ ಬಟನ್ ಎರಡೂ ಇನ್‌ಪುಟ್‌ಗೆ ಒಂದೇ. ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿದ್ದರೆ ಡೈನಮಿಕ್ ಮೈಕ್‌ಗೆ ಅದರಿಂದ ಅಪಾಯವಿಲ್ಲ.

ಮೈಕ್ ಇಡುವ ಕ್ರಮ

ಇಲ್ಲಿ ಅವಸರ ಮಾಡಬೇಡಿ. ಈ ಎರಡೂ ಮೈಕ್ ಕಾರ್ಡಿಯಾಯ್ಡ್ ಜಾತಿಯವು ಎಂದುಕೊಳ್ಳೋಣ. ಅಂದರೆ ಮುಂದಿನ ದನಿಯನ್ನು ಚೆನ್ನಾಗಿ ಹಿಡಿದು, ಬೆನ್ನ ಹಿಂದಿನದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ಹಾಡಿನ ಮೈಕನ್ನು ಬಾಯಿಗಿಂತ ತುಸು ಕೆಳಗೆ, 15 ಸೆಂ.ಮೀ. ದೂರದಲ್ಲಿ ಇಟ್ಟು, ಮುಖವನ್ನು ಮೇಲಕ್ಕೆ ಬಾಯಿಯತ್ತ ಓರೆ ಮಾಡಿ. ಆಗ ಅದರ ಬೆನ್ನು ತಾನಾಗಿ ಹಾರ್ಮೋನಿಯಂ ಕಡೆಗಿರುತ್ತದೆ. ಮೇಲಿನಿಂದ ತೂಗುಬಿಟ್ಟರೆ ಮೈಕ್‌ನ ಮುಖ ನೇರ ವಾದ್ಯದತ್ತಲೇ ತಿರುಗುತ್ತದೆ. ನೋಡಲು ಚೆಂದವಿದ್ದರೂ ಈ ಕೆಲಸಕ್ಕೆ ಅದು ಬೇಡ.

ಬಾಯಿಯ ನೇರಕ್ಕಿಂತ ಎರಡು ಬೆರಳು ಪಕ್ಕಕ್ಕೆ ಸರಿಸಿ, ಮೈಕ್ ಮುಂದೆ ಪಾಪ್ ಫಿಲ್ಟರ್ ಎಂಬ ತೆಳು ತೆರೆ ಹಾಕಿ. ‘ಭಾವ’, ‘ಫಲ’, ‘ಪದ’ ಎನ್ನುವಾಗ ಹೊರಬೀಳುವ ಗಾಳಿ ಮೈಕ್‌ಗೆ ಬಡಿದು ‘ಧಪ್’ ಎನ್ನುವುದು ಇದರಿಂದ ನಿಲ್ಲುತ್ತದೆ.

ಹಾರ್ಮೋನಿಯಂ ಮೈಕನ್ನು ವಾದ್ಯದ ಮೇಲ್ಹಲಗೆಯಿಂದ ಸುಮಾರು 20 ಸೆಂ.ಮೀ. ಎತ್ತರದಲ್ಲಿ, ಕೆಳಮುಖವಾಗಿ ನಿಲ್ಲಿಸಿ. ರೀಡ್‌ಗಳ ನಾದ ಮೇಲಿನ ಜಾಲರಿಯಿಂದ ಹೊರಬರುತ್ತದೆ. ಹಿಂಬದಿಯ ತಿದಿಯಿಂದ ಬರುವುದು ಗಾಳಿಯ ಸದ್ದು, ಕೀಲಿನ ಕಿರುಗುಟ್ಟುವಿಕೆ. ಹಾಗಾಗಿ ಮೈಕ್ ಜಾಲರಿಯತ್ತ ಇರಲಿ, ತಿದಿಯತ್ತ ಬೇಡ. ಎರಡು ಮೈಕ್‌ಗಳ ನಡುವಿನ ಅಂತರ, ಮೈಕ್‌ಗೂ ಅದರ ದನಿಗೂ ಇರುವ ಅಂತರದ ಮೂರು ಪಟ್ಟಾದರೂ ಇರಬೇಕು. 20 ಸೆಂ.ಮೀ. ಇಟ್ಟುಕೊಂಡರೆ 60 ಸೆಂ.ಮೀ. ನೆಲದ ಮೇಲೆ ಕುಳಿತು ಹಾಡುವಾಗ ಇಷ್ಟು ಜಾಗ ಸಿಗುವುದು ಕಷ್ಟವಾದರೆ ಎರಡೂ ಮೈಕನ್ನು ಅವುಗಳ ದನಿಗೆ ಇನ್ನಷ್ಟು ಹತ್ತಿರ ತನ್ನಿ.

ಫ್ಯಾನ್ ನಿಲ್ಲಿಸಿ. ಮೊಬೈಲನ್ನು ಕೇಬಲ್‌ಗಳಿಂದ ದೂರವಿಡಿ. ‘ಗುಂಯ್’ ಎನ್ನುವ ಸದ್ದಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ಬಹಳ ಸಲ ಅಲ್ಲೇ ನಿಲ್ಲುತ್ತದೆ.

ಗೇನ್ ಮತ್ತು ಸಾಫ್ಟ್‌ವೇರ್

ಹಾಡಿನ ಅತಿ ಎತ್ತರದ ಸಾಲನ್ನು ಪೂರ್ತಿ ಕೊರಳಲ್ಲಿ ಹಾಡಿ. ಆಗ ಸಾಫ್ಟ್‌ವೇರ್‌ನಲ್ಲಿ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 12 ಡಿಬಿ (ಡೆಸಿಬೆಲ್) ಆಸುಪಾಸು ಇದ್ದರೆ ಗೇನ್ ಸರಿಯಾಗಿದೆ. ಹಾರ್ಮೋನಿಯಂಗೂ ಹೀಗೆಯೇ, ಬೇರೆಯಾಗಿ. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಸಣ್ಣ ದನಿಯನ್ನು ಆಮೇಲೆ ಏರಿಸಬಹುದು, ಆದರೆ ಮೀಟರ್‌ನ ತುದಿಯಾದ ಸೊನ್ನೆ ಮುಟ್ಟಿ ಒಡೆದ ದನಿಯನ್ನು ರಿಪೇರಿ ಮಾಡಲಾಗದು.

ಉಚಿತವಾಗಿ ಸಿಗುವ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಈ ಕೆಲಸಕ್ಕೆ ಧಾರಾಳ ಸಾಕು. ಆಡಿಯೊ ಸೆಟಪ್‌ನಲ್ಲಿ ರೆಕಾರ್ಡಿಂಗ್ ಸಾಧನವಾಗಿ ಇಂಟರ್‌ಫೇಸನ್ನೂ, ಚಾನೆಲ್‌ನಲ್ಲಿ ‘2 ಸ್ಟೀರಿಯೊ’ವನ್ನೂ ಆರಿಸಿ. ಇಲ್ಲಿ ಮೊನೊ (ಒಂದೇ ಚಾನೆಲ್) ಉಳಿದುಬಿಟ್ಟರೆ ಎರಡು ಟ್ರ್ಯಾಕ್ ಸಿಗುವುದೇ ಇಲ್ಲ. ವಿಂಡೋಸ್‌ನಲ್ಲಿ ಆ್ಯಪ್‌ಗಳಿಗೆ ಮೈಕ್ ಅನುಮತಿ ಇದೆಯೇ ನೋಡಿ, ‘ಆಡಿಯೊ ಎನ್‌ಹಾನ್ಸ್‌ಮೆಂಟ್’ ಆಫ್ ಮಾಡಿ. ಹಾಡುವವರು ಹೆಡ್‌ಫೋನ್‌ನಲ್ಲಿ ತಮ್ಮ ದನಿ ಕೇಳಲು ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಒತ್ತಿ, ಕಂಪ್ಯೂಟರ್‌ನೊಳಗಿನ ಮಾನಿಟರಿಂಗ್ ನಿಲ್ಲಿಸಿ. ಎರಡೂ ಇದ್ದರೆ ದನಿ ಎರಡೆರಡು ಬಾರಿ ಕೇಳಿಸುತ್ತದೆ.

ಹಾಡಿನ ಮೈಕ್ ಮೊದಲ ಇನ್‌ಪುಟ್‌ನಲ್ಲಿದ್ದರೆ, ರೆಕಾರ್ಡ್ ಆದದ್ದನ್ನು ಹಾಗೆಯೇ ಕೇಳಿದಾಗ ಹಾಡು ಎಡಗಿವಿಯಲ್ಲಿ, ಹಾರ್ಮೋನಿಯಂ ಬಲಗಿವಿಯಲ್ಲಿ. ಗಾಬರಿ ಬೇಡ. ಟ್ರ್ಯಾಕ್ ಮೆನುವಿನಲ್ಲಿ ‘ಸ್ಪ್ಲಿಟ್ ಸ್ಟೀರಿಯೊ ಟು ಮೊನೊ’ ಒತ್ತಿದರೆ ಎರಡು ಸ್ವತಂತ್ರ ಟ್ರ್ಯಾಕ್ ಆಗಿ, ಎರಡೂ ನಡುವೆ ಬರುತ್ತವೆ.

ಕೇಳಿ ಪರೀಕ್ಷಿಸಿ

ಪೂರ್ತಿ ಹಾಡುವ ಮುನ್ನ ಒಂದು ಪಲ್ಲವಿಯಷ್ಟು ರೆಕಾರ್ಡ್ ಮಾಡಿ. ಮೊದಲು ಹಾಡಿನ ಟ್ರ್ಯಾಕನ್ನಷ್ಟೇ ಕೇಳಿ, ನಂತರ ಹಾರ್ಮೋನಿಯಂ ಟ್ರ್ಯಾಕನ್ನೂ ಕೂಡಿಸಿ. ಆಗ ಕೊರಳು ಒಮ್ಮೆಲೇ ತೆಳ್ಳಗಾಗಿ, ಟೊಳ್ಳಾಗಿ ಕೇಳಿಸಿದರೆ ನಿಮ್ಮ ದನಿ ಎರಡೂ ಮೈಕ್‌ಗೆ ಬೇರೆ ಬೇರೆ ಕ್ಷಣದಲ್ಲಿ ಮುಟ್ಟಿದೆ ಎಂದರ್ಥ. ದನಿ 1 ಮಿಲಿಸೆಕೆಂಡ್‌ಗೆ ಸುಮಾರು 34 ಸೆಂ.ಮೀ. ಸಾಗುತ್ತದೆ. ಅಷ್ಟು ದಾರಿ ಹೆಚ್ಚಾಗಿ ತಲುಪಿದ ದನಿ ಮೊದಲಿನದರೊಂದಿಗೆ ಸೇರಿದಾಗ 500, 1500, 2500 ಹರ್ಟ್ಸ್‌ಗಳಲ್ಲಿ ಒಂದನ್ನೊಂದು ಕಡಿಯುತ್ತವೆ. ಕೊರಳಿಗೆ ಮೈಕಟ್ಟು ಕೊಡುವ ಭಾಗವೇ ಅದು. ಎರಡನೇ ಟ್ರ್ಯಾಕ್‌ಗೆ ‘ಇನ್ವರ್ಟ್’ (ದನಿಯ ಅಲೆಯನ್ನು ತಲೆಕೆಳಗು ಮಾಡುವ ಆಯ್ಕೆ) ಕೊಟ್ಟರೆ ಕೆಲವೊಮ್ಮೆ ಸುಧಾರಿಸೀತು. ಆದರೂ ಮೈಕನ್ನು ನಾಲ್ಕು ಬೆರಳು ಸರಿಸಿ ಮತ್ತೆ ಪಲ್ಲವಿ ಹಾಡುವುದೇ ಒಳ್ಳೆಯ ದಾರಿ. ಕೊರಳು ತುಂಬಿಕೊಂಡು ಕೇಳುವವರೆಗೂ ಹೀಗೆ ಮಾಡಿ.

ಮಿಕ್ಕಿದ್ದು ಸುಲಭ. ಹಾಡಿನ ಟ್ರ್ಯಾಕ್‌ನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರ್‌ನಿಂದ ತೆಗೆಯಿರಿ, ಸಾಹಿತ್ಯದ ಪ್ರತಿ ಅಕ್ಷರವೂ ಸ್ಪಷ್ಟವಾಗುವವರೆಗೆ ಹಾರ್ಮೋನಿಯಂ ಇಳಿಸಿ. ವಾಟ್ಸ್‌ಆ್ಯಪ್‌ಗೆ ಎಂಪಿ3, ಇಟ್ಟುಕೊಳ್ಳಲು ವೇವ್ ಫೈಲ್. ಎರಡೂ ಟ್ರ್ಯಾಕ್ ಬೇರೆಯಾಗಿರುವ ಪ್ರಾಜೆಕ್ಟ್ ಫೈಲನ್ನು ಮಾತ್ರ ಅಳಿಸಬೇಡಿ. ಮುಂದೆ ಯಾರಾದರೂ ಅದಕ್ಕೆ ತಬಲಾ ಸೇರಿಸುತ್ತೇವೆ ಎಂದರೆ ಬೇಕಾಗುವುದು ಅದೇ.