ಮೆಲ್ಬರ್ನಿನ ಮೊದಲ ಹರಾಜಿನ ಸೈಟುಗಳು ನಮ್ಮ ಚೈನು-ಆಣೆ ಲೆಕ್ಕಕ್ಕೆ ಕೂತವು

"ನಕ್ಷೆಯ ಫೋಟೋ ಇದೆಯಲ್ಲ ಸಾರ್, ಅದನ್ನೇ ಎಳೆದು ಕೂರಿಸಿ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ತೀರಿ" ಅಂದವರಿಗೆಲ್ಲ ಇದು ಉತ್ತರ. 1837ರ ಜೂನ್ 1ರಂದು ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಸರ್ಕಾರ ಹರಾಜು ಹಾಕಿದ ನೂರು ಸೈಟುಗಳನ್ನು ಈಗಿನ ಊರಿನ ನಕ್ಷೆಯ ಮೇಲೆ ಕೂರಿಸಿ ಮುಗಿಸಿದ್ದೇನೆ. ಫೋಟೋ ಎಳೆದು ಅಲ್ಲ, ಟಿಪ್ಪಣಿ, ಅಂದರೆ ಅಳತೆಯ ಲೆಕ್ಕ ಬರೆದು. ನಮ್ಮ ಊರಲ್ಲಿ ಜಮೀನು ಅಳೆದು ಭಾಗ ಮಾಡುವ ಪೋಡಿ ಮಾಡುವಾಗ ಮಾಡ್ತೀವಲ್ಲ, ಅದೇ ಥರ.

ನಾನು ಪರವಾನಗಿ ಭೂಮಾಪಕ. ಮಗನ ಮನೆಗೆ ಬಂದವನು ಇಲ್ಲಿ ಸುಮ್ಮನೆ ಕೂರಲಾಗದೆ ಈ ಕೆಲಸ ಹಿಡಿದುಕೊಂಡೆ. ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಮೊದಲಿನಿಂದ ಹೇಳಿಕೊಡುವುದಿಲ್ಲ.

ಮೊದಲು ಕೆಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ. ಎಲ್ಲರೂ ಮಾಡುವಂತೆ ಲೈಬ್ರರಿಯಿಂದ ಹಳೇ ನಕ್ಷೆಯ ಸ್ಕ್ಯಾನ್ ತಂದು, ಚಿತ್ರವನ್ನು ನೆಲಕ್ಕೆ ಕೂರಿಸುವ ಜಿಯೋರೆಫರೆನ್ಸರ್‌ನಲ್ಲಿ ಹಾಕಿ, ಮೂಲೆಗಳಿಗೆಲ್ಲ ಪಾಯಿಂಟ್ ಕೊಟ್ಟು, ಪಾಯಿಂಟುಗಳಿಗೆ ತಕ್ಕಂತೆ ಚಿತ್ರ ಬಗ್ಗಿಸುವ ಥಿನ್ ಪ್ಲೇಟ್ ಸ್ಪ್ಲೈನ್‌ನಲ್ಲಿ ಎಳೆದರೆ ಪರದೆ ಮೇಲೆ ಚೆಂದ ಕಾಣುತ್ತದೆ. ಪಾಯಿಂಟ್ ಇಟ್ಟ ಕಡೆ ದೋಷವೂ ಸೊನ್ನೆ ತೋರಿಸುತ್ತದೆ. ಮಧ್ಯದ ಸೈಟುಗಳನ್ನು ಅಳೆದು ನೋಡಿ, ಒಂದರ ಮುಖ 19 ಮೀಟರ್, ಪಕ್ಕದ್ದು 21. ಹಳೇ ಕಾಗದ ಮಡಿಕೆಯಲ್ಲಿ ಒಂದು ಕಡೆ ಕುಗ್ಗಿರುತ್ತೆ, ಇನ್ನೊಂದು ಕಡೆ ಹಿಗ್ಗಿರುತ್ತೆ, ಆ ಕುಗ್ಗು-ಹಿಗ್ಗನ್ನೆಲ್ಲ ನೆಲದ ಮೇಲೆ ತಂದು ಹಾಕಿದ ಹಾಗಾಯ್ತು ಅಷ್ಟೇ. ಮಗನ ಸ್ನೇಹಿತನೊಬ್ಬ 1840ರ ದಶಕದ ಇನ್ನೊಂದು ನಕ್ಷೆ ತಂದು ಸೇಂಟ್ ಜೇಮ್ಸ್ ಹಳೇ ಕೆಥೆಡ್ರಲ್ ಅನ್ನೇ ಗಟ್ಟಿ ಪಾಯಿಂಟ್ ಅಂತ ಹಿಡಿದ. ಕಲ್ಲಿನ ಕಟ್ಟಡ, ಅಲ್ಲಾಡಲ್ಲ ಅಂತ ಅವನ ಲೆಕ್ಕ. ಆ ಚರ್ಚನ್ನು 1914ರಲ್ಲಿ ಕಲ್ಲು ಕಲ್ಲೇ ಬಿಚ್ಚಿ ಬೇರೆ ಬೀದಿಗೆ ಸಾಗಿಸಿ ಕಟ್ಟಿದ್ದಾರೆ. ಇಡೀ ಊರೇ ಓರೆಯಾಗಿ ಹೋಯ್ತು!

ದುಡ್ಡಿನ ವಿಷಯಕ್ಕೆ ಬಂದರೆ, ಒಂದು ಪೇಯ್ಡ್ ಕ್ಯಾಡ್ ಸಾಫ್ಟ್‌ವೇರ್‌ಗೆ ಮೂರ್ನಾಲ್ಕು ತಿಂಗಳು ಚಂದಾ ಕಟ್ಟಿದ್ದು ದಂಡ. ದೊಡ್ಡ ಹಾಳೆಯ ಪ್ರಿಂಟ್ ಒಂದಕ್ಕೆ ಇಲ್ಲಿ ಸುಮಾರು 30 ಡಾಲರ್, ಸ್ಕೇಲ್ ತಪ್ಪಿ ಒಂದಷ್ಟು ಕಸಕ್ಕೆ ಹೋದವು. ಎಲ್ಲ ಸೇರಿ ನಮ್ಮ ದುಡ್ಡಲ್ಲಿ 40,000 ರೂಪಾಯಿ ಹತ್ತಿರ ಕೈಬಿಟ್ಟಿದೆ. ಉಪಯೋಗಕ್ಕೆ ಬಂದದ್ದೆಲ್ಲ ಬಿಟ್ಟಿ ಸಿಕ್ಕಿದ್ದೇ: ಕ್ಯೂಜಿಐಎಸ್ ಬಿಟ್ಟಿ, ವಿಕ್ಟೋರಿಯಾ ಸರ್ಕಾರದ ವಿಕ್‌ಮ್ಯಾಪ್ ಆಸ್ತಿ ಗಡಿಗಳು ಬಿಟ್ಟಿ, ಹಳೇ ಪತ್ರಿಕೆಗಳಿರುವ ಟ್ರೋವ್ ಬಿಟ್ಟಿ.

ಈಗ ಕೆಲಸ ಮಾಡಿದ ದಾರಿ. ಊರಿನ ಬ್ಲಾಕುಗಳನ್ನು ಗುರುತಿಸಿದ್ದು ರಾಬರ್ಟ್ ಹಾಡಲ್ ಅನ್ನುವ ಸರ್ವೇಯರ್. ಬ್ಲಾಕ್ ಒಂದೊಂದೂ ಅವರ 66 ಅಡಿಯ ಚೈನಿನಲ್ಲಿ 10 ಚೈನ್ ಚೌಕ, ಅಂದರೆ ಹತ್ತು ಎಕರೆ. ದೊಡ್ಡ ಬೀದಿ ಒಂದೂವರೆ ಚೈನ್, 99 ಅಡಿ. ಮಧ್ಯದ ಸಣ್ಣ ಬೀದಿ ಅರ್ಧ ಚೈನ್, 33 ಅಡಿ. ನ್ಯೂ ಸೌತ್ ವೇಲ್ಸ್ ಗವರ್ನರ್ ಬರ್ಕ್‌ಗೆ ಇಷ್ಟು ಅಗಲದ ರಸ್ತೆ ಬೇಕಿರಲಿಲ್ಲ, ಹಾಡಲ್ ಬಿಡಲಿಲ್ಲ, ಆ ರಾಜಿಯಲ್ಲಿ ಹುಟ್ಟಿದ್ದೇ ಈ ಸಣ್ಣ ಬೀದಿಗಳು. ಬ್ಲಾಕಿಗೆ 20 ಸೈಟು. ಎಲ್ಲ ಕಡೆ "ಅರ್ಧ ಎಕರೆ ಸೈಟು" ಅಂತಲೇ ಬರೆದಿರುತ್ತಾರೆ. ಹಾಗಂತ ಅರ್ಧ ಎಕರೆ ಹಿಡಿದು ಕೂರಿಸಲು ಹೋದರೆ ಒಂದೂ ಕೂರುವುದಿಲ್ಲ. ಹಿಂದಿನ ಸಾಲಿನ ಸೈಟು ಬೀದಿಗೆ ಬಂದು ಬೀಳುತ್ತದೆ.

ಕೊನೆಗೆ ಒಂದು ರಾತ್ರಿ ಬಿಳಿ ಹಾಳೆ ತೆಗೆದುಕೊಂಡು ಎಲ್ಲವನ್ನೂ ನಮ್ಮ ಲೆಕ್ಕಕ್ಕೆ ಇಳಿಸಿದೆ. ಅವರ ಗಂಟರ್ ಚೈನ್ 66 ಅಡಿ. ನಮ್ಮ ಟಿಪ್ಪಣಿಯ ಚೈನ್ 33 ಅಡಿ, ಅದರಲ್ಲಿ ಹದಿನಾರು ಆಣೆ, ಒಂದು ಚೈನ್ ಚೌಕ ಅಂದರೆ ಒಂದು ಗುಂಟೆ. ಅವರದೊಂದು ನಮ್ಮ ಎರಡು. ದೊಡ್ಡ ಬೀದಿ 3 ಚೈನ್, ಸಣ್ಣ ಬೀದಿ 1 ಚೈನ್, ಬ್ಲಾಕ್ 20ಕ್ಕೆ 20, ಅಂದರೆ 400 ಗುಂಟೆ. ಸೈಟಿನ ಮುಖ 2 ಚೈನ್. ಉದ್ದ? ಇಪ್ಪತ್ತರಲ್ಲಿ ಸಣ್ಣ ಬೀದಿಯ ಒಂದು ಕಳೆದು ಎರಡು ಭಾಗ ಮಾಡಿ: 9 ಚೈನ್ 8 ಆಣೆ. ಎರಡರಿಂದ ಗುಣಿಸಿದರೆ 19 ಗುಂಟೆ. ಇಪ್ಪತ್ತಲ್ಲ, ಹತ್ತೊಂಬತ್ತು! ಪ್ರತಿ ಸೈಟೂ ಹಿಂಬದಿಯ ಓಣಿಗೆ ಒಂದೊಂದು ಗುಂಟೆ ಬಿಟ್ಟುಕೊಟ್ಟಿದೆ. 20 ಸೈಟಿಂದ 20 ಗುಂಟೆ, ಅದೇ ಸಣ್ಣ ಬೀದಿಯ ವಿಸ್ತೀರ್ಣ. ಅವರ ಲೆಕ್ಕದಲ್ಲೂ ಸೈಟು 76 ಪರ್ಚ್. ಅರ್ಧ ಎಕರೆ ಆಗಬೇಕಾದರೆ 80 ಬೇಕು. ಅರ್ಧ ಎಕರೆ ಅನ್ನುವುದು ಬರೀ ಬಾಯಿಮಾತು.

ಅಲ್ಲಿಂದ ಮುಂದೆ ಕೆಲಸ ಸಲೀಸು. ಫೋಟೋ ಪಕ್ಕಕ್ಕಿಟ್ಟು, ಅಳತೆ ಶುರು ಮಾಡುವ ಮೂಲ ಗೆರೆ, ಅಂದರೆ ಒಂದು ಬೇಸ್‌ಲೈನ್ ಹಾಕಿ, ಅದರಿಂದ ಚೈನು-ಆಣೆ ಲೆಕ್ಕದಲ್ಲೇ ಸೈಟುಗಳನ್ನು ಕಟ್ಟುತ್ತಾ ಹೋದೆ. ವಿಕ್‌ಮ್ಯಾಪ್ ಗೆರೆಗಳ ಜೊತೆ ಹೋಲಿಸಿದಾಗ ಹೆಚ್ಚಿನ ಕಡೆ ಹೊಂದಿಕೆ ಆಯ್ತು. ಬಳಸಿ ಬಳಸಿ ಸರಪಳಿಯ ಕೊಂಡಿ ಸವೆದು ಉದ್ದವಾಗುತ್ತೆ ಅನ್ನುವುದು ನಿಮಗೆ ಹೇಳಬೇಕಿಲ್ಲ, ಆ ವ್ಯತ್ಯಾಸವನ್ನು ಬ್ಲಾಕಿನಲ್ಲಿ ಸಮನಾಗಿ ಹಂಚಬೇಕು. ಬೇಸ್‌ಲೈನ್ ಯಾವ ಬೀದಿಯ ಯಾವ ಬದಿಯಲ್ಲಿ ಹಿಡಿದೆ ಅಂತ ಇಲ್ಲಿ ಬರೆಯಲ್ಲ. ಅದಕ್ಕೇ ನನಗೆ ಜಾಸ್ತಿ ಹೊತ್ತು ಹಿಡಿದದ್ದು, ಸ್ವಲ್ಪ ನೀವೂ ಹುಡುಕಿ. ಒಂದು ಎಚ್ಚರ ಮಾತ್ರ: ಜಿಡಿಎ94 ಮತ್ತು ಜಿಡಿಎ2020 ಅನ್ನುವ ಎರಡು ಆಸ್ಟ್ರೇಲಿಯನ್ ನಿರ್ದೇಶಾಂಕ ಪದ್ಧತಿಗಳ ಪದರಗಳನ್ನು ಬೆರೆಸಬೇಡಿ. ಎರಡರ ನಡುವೆ 1.8 ಮೀಟರ್ ಹತ್ತಿರ ಜರುಗುತ್ತೆ, ಹಾಡಲ್‌ನದೇ ತಪ್ಪು ಅನ್ನಿಸಿಬಿಡುತ್ತೆ.

ಕೂರಿಸಿದ ಮೇಲೆ ಕಂಡದ್ದೇ ಬೇರೆ. ಮುಖ 66 ಅಡಿ, ಆಳ 313 ಅಡಿ ಮೇಲೆ. ಕೊಂಡವನು ಮುಂದಿನ ಭಾಗವನ್ನು ತುಂಡು ಮಾಡಿ ಮಾರಿದರೆ ಹಿಂದಿನ ತುಂಡಿಗೆ ದಾರಿ? ಒಂದು ಕಿರುದಾರಿ ಬಿಡಲೇಬೇಕು. ಮೆಲ್ಬರ್ನಿಗೆ ಬಂದವರೆಲ್ಲ ಫೋಟೋ ತೆಗೆಸಿಕೊಳ್ಳುವ ಆ ಗಲ್ಲಿಗಳಲ್ಲಿ ಎಷ್ಟೋ ಹುಟ್ಟಿದ್ದು ಹೀಗೆ. ಬೆಂಗಳೂರಿನ ರೆವಿನ್ಯೂ ಸೈಟು ನೋಡಿದವರಿಗೆ ಇದೇನು ಹೊಸದಲ್ಲ. ಎಲಿಜಬೆತ್ ಸ್ಟ್ರೀಟ್ ಮೊದಲು ಹಳ್ಳ. ಸೈಟಿನ ಗೆರೆ ಮಾತ್ರ ಹಳ್ಳ ಇದ್ದರೂ ಇಲ್ಲದಿದ್ದರೂ ನೇರ. 1972ರಲ್ಲೂ ಆ ಬೀದಿಯಲ್ಲಿ ನೀರು ನುಗ್ಗಿ ಕಾರುಗಳು ತೇಲಿದವು.

ಹಾಡಲ್ ಬಗ್ಗೆ ಒಂದು ಮಾತು. ಅಳತೆ ಮಾಡಿದವನೂ ಅವನೇ, ಹರಾಜು ಕೂಗಿದವನೂ ಅವನೇ. ಕಮಿಷನ್ 57 ಪೌಂಡು ಚಿಲ್ಲರೆ ಬಂತು, ತಾನೇ ಎರಡು ಸೈಟು ಹಿಡಿದು 54 ಪೌಂಡ್ ಕಟ್ಟಿದ. ನಮ್ಮಲ್ಲಿ ಹೀಗೆ ಮಾಡಿದ್ರೆ ಲೋಕಾಯುಕ್ತದವರು ಮನೆ ಬಾಗಿಲಿಗೆ ಬರ್ತಾರೆ. ಇನ್ನು ಮೂಲ ಹಕ್ಕು? ಭೂಮಾಪಕ ಮೊದಲು ಕೇಳಬೇಕಾದ್ದೇ ಅದು. ನೆಲ ಇಲ್ಲಿನ ಮೂಲನಿವಾಸಿ ಕುಲಿನ್ ಜನರದು. ಜಾನ್ ಬ್ಯಾಟ್‌ಮನ್ ಅನ್ನುವ ವಸಾಹತುಗಾರ 1835ರಲ್ಲಿ ಅವರ ಜೊತೆ ಒಪ್ಪಂದ ಅಂತ ಒಂದು ಕಾಗದ ಮಾಡಿಕೊಂಡ, ಅದೇ ವರ್ಷ ಬರ್ಕ್ ಅದು ನಡೆಯಲ್ಲ, ನೆಲವೆಲ್ಲ ರಾಜನದು ಅಂತ ಘೋಷಿಸಿದ. ಎರಡು ವರ್ಷಕ್ಕೆ ಅದೇ ನೆಲ ಸುತ್ತಿಗೆಗೆ ಬಂತು. ವಸಾಹತಿನ ಭೂಮಿ ಮಾರಿದ ದುಡ್ಡಲ್ಲಿ ಬ್ರಿಟನ್ನಿಂದ ಕೂಲಿಗಳನ್ನು ಹಡಗು ಹತ್ತಿಸಿದರು. ನಮ್ಮ ಕಡೆಯ ಯಾವ ಮ್ಯುಟೇಷನ್ ರಿಜಿಸ್ಟರಿನಲ್ಲೂ ಇಂಥ ಖಾತೆ ಬದಲಾವಣೆ ನಾನು ನೋಡಿಲ್ಲ.

ಸೈಟು ಕೂತ ಮೇಲೆ ಬೆಲೆಯ ಹುಚ್ಚು ಹಿಡಿಯಿತು. ಮೊದಲ ಹರಾಜಿನಲ್ಲಿ ಸರಾಸರಿ 35 ಪೌಂಡ್ ಆಸುಪಾಸು. ಎರಡು-ಮೂರು ವರ್ಷದಲ್ಲಿ ಅದೇ ಸೈಟುಗಳು ಎಷ್ಟೋ ಪಟ್ಟು ಏರಿ, 1841ರಿಂದ ದಬದಬ ಬಿದ್ದವು. ಯಾಕೆ ಅಂತ ನೋಡಲು ಟ್ರೋವ್‌ನಲ್ಲಿ ಸಾಮಾನಿನ ಹರಾಜಿನ ಜಾಹೀರಾತು ಓದತೊಡಗಿದೆ: ಟೀ ಪೆಟ್ಟಿಗೆ, ರಮ್ ಪೀಪಾಯಿ, ಸಾಬೂನು, ಕುರಿ. ಯಂತ್ರ ಓದಿದ ಅಕ್ಷರದಲ್ಲಿ ಪೌಂಡ್ ಗುರುತು ಏನೇನೋ ಆಗಿರುತ್ತೆ, ಹಾಗಾಗಿ ಬೆಲೆ ಹಾಕಿ ಹುಡುಕಿದರೆ ಏನೂ ಸಿಗಲ್ಲ. ಬೇರೆ ಒಂದು ಪದ ಹಾಕಿ ಹುಡುಕಬೇಕು, ಅದೂ ನನ್ನ ಜೇಬಲ್ಲೇ ಇರಲಿ. ಓದುತ್ತಾ ಗೊತ್ತಾದದ್ದು ಇದು. ಸರ್ಕಾರಿ ಭೂಮಿಗೆ ನೂರಕ್ಕೆ ಹತ್ತು ಅಲ್ಲೇ ಕಟ್ಟಬೇಕಿತ್ತು, ಉಳಿದದ್ದು ಒಂದು ತಿಂಗಳಲ್ಲಿ, ನಗದು. ಖಾಸಗಿಯವರು ಹಾಕುವ ಹರಾಜಿನಲ್ಲಿ ಮೂರು ತಿಂಗಳು, ಆರು ತಿಂಗಳ ಹುಂಡಿ, ಅಂದರೆ ಆಮೇಲೆ ಕೊಡ್ತೀನಿ ಅನ್ನುವ ಸಾಲದ ಚೀಟಿ, ನಡೆಯುತ್ತಿತ್ತು.

ಪರೀಕ್ಷೆ ಮಾಡೋಣ ಅಂತ ಒಂದು ಭಾನುವಾರ ಮಗನ ಮನೆಯಲ್ಲಿ ಕನ್ನಡದ ಹತ್ತು-ಹನ್ನೆರಡು ಜನರನ್ನು ಕೂರಿಸಿ ಆಟದ ಹರಾಜು ನಡೆಸಿದೆ. ಗೋಡೆಗೆ ನಕ್ಷೆ, ಕೈಗೆ ಕಾಗದದ ಪೌಂಡು, ಸುತ್ತಿಗೆ ಬದಲು ಚಪಾತಿ ಲಟ್ಟಣಿಗೆ. ಮೊದಲ ಸುತ್ತು ಸರ್ಕಾರಿ ನಿಯಮ. ಜನ ಎಣಿಸಿ ಎಣಿಸಿ ಕೂಗಿದರು, ನಲವತ್ತು ದಾಟಿದ್ದು ಒಂದೆರಡೇ. ಎರಡನೇ ಸುತ್ತಿಗೆ ಆರು ತಿಂಗಳ ಹುಂಡಿ ಬಿಟ್ಟೆ. ಅಂದಿನ ಖಾಸಗಿ ಹರಾಜುಗಾರರು ಸವಾಲಿಗೆ ಮುಂಚೆ ಷಾಂಪೇನ್ ಊಟ ಹಾಕುತ್ತಿದ್ದರಂತೆ, ನಾನು ಮೆಣಸಿನಕಾಯಿ ಬಜ್ಜಿ, ಕಾಫಿ ಕೊಟ್ಟೆ. ಬಜ್ಜಿ ಖಾಲಿಯಾಗುವ ಹೊತ್ತಿಗೆ ಅದೇ 19 ಗುಂಟೆ 150 ದಾಟಿತ್ತು! ಶಿಲಿಂಗಿಗೆ 12 ಪೆನ್ಸ್, ಪೌಂಡಿಗೆ 20 ಶಿಲಿಂಗ್ ಲೆಕ್ಕದಲ್ಲಿ ಹುಡುಗರು ಒದ್ದಾಡಿದರೆ, ಆಣೆ-ಪೈ ಕಂಡ ಅಜ್ಜಿಯೊಬ್ಬರು ಬಾಯಲ್ಲೇ ಹೇಳಿ ಮುಗಿಸುತ್ತಿದ್ದರು. ಹುಂಡಿ ತೀರಿಸುವ ಸುತ್ತು ಬಂದಾಗ ಅರ್ಧಕ್ಕಿಂತ ಜಾಸ್ತಿ ಜನ ದಿವಾಳಿ. ಸೈಟು ವಾಪಸ್ ಹರಾಜಿಗೆ ಹಾಕಿದರೆ ಕೂಗುವವರೇ ಇಲ್ಲ, ಅಜ್ಜಿಯ ಹತ್ತಿರ ಮಾತ್ರ ದುಡ್ಡಿತ್ತು, ಮೂರು ಸೈಟು ಹತ್ತತ್ತು ಪೌಂಡಿಗೆ ಎತ್ತಿಕೊಂಡರು.

ಈಗ 1837ರ ನವೆಂಬರಿನ ಎರಡನೇ ಹರಾಜಿನ ಸೈಟುಗಳನ್ನು ಅದೇ ಬೇಸ್‌ಲೈನಿಂದ ಕಟ್ಟುತ್ತಿದ್ದೇನೆ. ಎಲಿಜಬೆತ್ ಸ್ಟ್ರೀಟಿನ ಪಶ್ಚಿಮಕ್ಕೆ ಎಲ್ಲ ಕೂತಿದೆ, ಪೂರ್ವಕ್ಕೆ ಒಂದು ಬ್ಲಾಕಿನಲ್ಲಿ ಇನ್ನೂ ಎರಡು ಆಣೆ ಹೊಂದುತ್ತಿಲ್ಲ.