ಡೋಣಿಯ ಸವಳು ನೀರು ತಿಂದ ಕಂಬಗಳು: ನಾವು ರಿಪೇರಿ ಮಾಡಿದ ಬಗೆ

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುತ್ತಾರೆ ನಮ್ಮ ವಿಜಯಪುರದ ಡೋಣಿ ಹೊಳೆಯ ಕಡೆ. ಹೊಲಕ್ಕೆ ಅದು ನಿಜ. ಸೇತುವೆಯ ಕಂಬಕ್ಕೆ ಮಾತ್ರ ಆ ಸವಳು ನೀರು ಆಗಿಬರುವುದಿಲ್ಲ. ಡೋಣಿಗೆ ಸೇರುವ ಹಳ್ಳವೊಂದರ ಹಳೆಯ ಸೇತುವೆ ನನ್ನ ಕೈಗೆ ಬಂದಾಗ, ಕಂಬಗಳಲ್ಲಿ ಒಳಗಿನ ಕಬ್ಬಿಣದ ಸರಳಿನ ಉದ್ದಕ್ಕೂ ಸೀಳು ಬಿಟ್ಟಿತ್ತು. ನೀರು ಏರಿ ಇಳಿಯುವ ಮಟ್ಟದಲ್ಲೇ ಹಾಳು ಜಾಸ್ತಿ. ಅಲ್ಲಿ ಒಮ್ಮೆ ನೆನೆದು ಒಮ್ಮೆ ಒಣಗಿ ಉಪ್ಪು ಒಳಗೇ ಕೂಡುತ್ತಾ ಹೋಗುತ್ತದೆ.

"ಸಾಹೇಬ್ರ, ಮ್ಯಾಲ ಚಲೋತ್ನಂಗ ಗಿಲಾವ ಮಾಡಿಬಿಡೂಣ್ರಿ" ಅಂದರು ಗೌಂಡಿ. ನಾನು ಒಪ್ಪಲಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಮೇಲೆ ಏನೇ ಹಚ್ಚಿದರೂ ಒಳಗಿಂದ ತಳ್ಳಿ ಉದುರಿಸುತ್ತದೆ.

ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ತಲೀನ್ ಎಂಬ, ಕ್ಷಾರ ತಗುಲಿದರೆ ಗುಲಾಬಿಯಾಗುವ ದ್ರಾವಣ ಸಿಂಪಡಿಸಿದೆವು. ಗಾಢ ಗುಲಾಬಿ ಬಂತು. ಅಲ್ಲೇ ಇದ್ದ ಸರಳು ಮಾತ್ರ ತುಕ್ಕು ಹಿಡಿದು ಹಕ್ಕಳೆ ಏಳುತ್ತಿತ್ತು! ಈ ಬಣ್ಣ ಸರಳನ್ನು ತುಕ್ಕಿನಿಂದ ಕಾಯುವ ಕ್ಷಾರ ಉಳಿದಿದೆ ಎಂದಷ್ಟೇ ಹೇಳುತ್ತದೆ, ಉಪ್ಪಿನ ಸುದ್ದಿ ಹೇಳುವುದಿಲ್ಲ. ಹಾಗಾಗಿ ಬೇರೆ ಬೇರೆ ಆಳದಲ್ಲಿ ಡ್ರಿಲ್ ಮಾಡಿ, ಆ ಪುಡಿಯನ್ನು ಕ್ಲೋರೈಡ್, ಅಂದರೆ ಉಪ್ಪಿನಲ್ಲಿ ತುಕ್ಕು ಹಿಡಿಸುವ ಅಂಶದ ಪರೀಕ್ಷೆಗೆ ಲ್ಯಾಬಿಗೆ ಕಳಿಸಿದೆ. ಸರಳಿರುವ ಕಾಂಕ್ರೀಟಿನಲ್ಲಿ ಕ್ಲೋರೈಡಿಗೆ ಐಎಸ್ 456 ಎಂಬ ಭಾರತೀಯ ಮಾನದಂಡ ಹಾಕಿರುವ ಮಿತಿ ಘನಮೀಟರಿಗೆ 0.6 ಕಿಲೋ. ಸರಳಿನ ಹಿಂದೆಯೂ ಉಪ್ಪು ಆ ಮಿತಿ ದಾಟಿತ್ತು.

ಮೊದಲು ಮೇಲಿನ ಭಾರಕ್ಕೆ ಆಸರೆ ಕೊಟ್ಟೆವು. ಆಮೇಲೆ ಕಂಬದ ಒಂದೊಂದೇ ಮಗ್ಗುಲು ಒಡೆದೆವು. ಸರಳಿನ ಹಿಂದೆ 25 ಮಿಲಿಮೀಟರ್, ಅಂದರೆ ಬೆರಳು ಸಲೀಸಾಗಿ ಸುತ್ತಿ ಬರುವಷ್ಟು ಬಿಡಿಸಲೇಬೇಕು. ಅಂಚನ್ನು ಕಟರ್‌ನಿಂದ ನೇರವಾಗಿ ಕೊಯ್ಯಬೇಕು. ತೆಳ್ಳಗೆ ಸವರಿದ ಅಂಚು ಎದ್ದುಬರುತ್ತದೆ. ಮರಳು ಹೊಡೆದು ತುಕ್ಕು ತೆಗೆದರೂ ಸರಳಿನ ಸಣ್ಣ ಕುಳಿಗಳಲ್ಲಿ ಉಪ್ಪು ಉಳಿಯುತ್ತದೆ. ಅದಕ್ಕೇ ಸಿಹಿನೀರನ್ನು ಒತ್ತಡದಲ್ಲಿ ಬಿಟ್ಟು ತೊಳೆಸಿದೆ. ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ, ಸವೆದು ತಂತಿಯಾಗಿದ್ದ ರಿಂಗುಗಳನ್ನು ಬದಲಿಸಿದೆವು.

ಇನ್ನೊಂದು ಅಪಾಯವಿದೆ. ಹೊಸ ತೇಪೆಯ ಪಕ್ಕದಲ್ಲೇ, ಉಪ್ಪು ಉಳಿದ ಹಳೆ ಕಾಂಕ್ರೀಟಿನಲ್ಲಿ ತುಕ್ಕು ಶುರುವಾಗುತ್ತದೆ. ತೇಪೆಯ ಅಂಚಿನುದ್ದಕ್ಕೂ ಸತುವಿನ ತುಂಡನ್ನು (ಆನೋಡ್) ಸರಳಿಗೆ ಕಟ್ಟಿದರೆ ಸರಳಿನ ಬದಲು ಸತುವು ಸವೆಯುತ್ತದೆ. ಕಟ್ಟುವ ಜಾಗದಲ್ಲಿ ಸರಳು ಹೊಳೆಯುವ ಹಾಗೆ ಉಜ್ಜಿರಬೇಕು, ಇಲ್ಲದಿದ್ದರೆ ಆನೋಡ್ ಇದ್ದೂ ಇಲ್ಲದಂತೆ.

ಇಕ್ಕಟ್ಟಿನಲ್ಲೂ ಹರಿದು ತುಂಬುವ ಸಣ್ಣ ಜಲ್ಲಿಯ ಮೈಕ್ರೋ ಕಾಂಕ್ರೀಟ್ ಸುರಿದದ್ದು ಬೆಳಗಿನ ತಂಪಿನಲ್ಲಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ ಅಲ್ವಾ, ಕಾಂಕ್ರೀಟಿಗೆ ಸುತ್ತಿದ ಗೋಣಿತಟ್ಟು ಒಣಗದಂತೆ ನೋಡಿಕೊಳ್ಳೋದೇ ದೊಡ್ಡ ಕೆಲಸ. ಕಾಲಡಿಯಲ್ಲೇ ಹಳ್ಳ ಹರಿಯುತ್ತಿದ್ದರೂ ಕಲಸಲು, ಆಮೇಲೆ ತೇವ ಇಟ್ಟು ಕ್ಯೂರಿಂಗ್ ಮಾಡಲು ಟ್ಯಾಂಕರ್‌ನಲ್ಲಿ ಸಿಹಿನೀರು ತರಿಸಿದೆ. ಒಂದು ಬಕೆಟ್ ಹಳ್ಳದ ನೀರನ್ನೂ ಬಳಸಗೊಡಲಿಲ್ಲ. ಕಡೆಗೆ ಸುತ್ತಿಗೆಯಿಂದ ಅಂಗೈಯಗಲ ಜಾಗವನ್ನೂ ಬಿಡದೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಒಡೆಸಿ ಮತ್ತೆ ತುಂಬಿಸಿದೆ.